ಅಕ್ಕಿಆಲೂರಿನ ಬಂಗಾರ, ಅವ್ವನ ಪುತಳಿ ಸರ

ಕಳೆದ ದೀಪಾವಳಿಗೆ ಎರಡು ವಾರ ಮುಂಚೆ, ಒಂದು ಶನಿವಾರ, ಅವ್ವನ ಪುತಳಿ ಸರವನ್ನು ಕರವಸ್ತ್ರದಲ್ಲಿ ಸುತ್ತಿ, ಅದನ್ನು ಟಿಫಿನ್ ಡಬ್ಬಿಯೊಳಗಿಟ್ಟು, ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಮಸೀದ್ ಸ್ಟೇಷನ್ನಿನಲ್ಲಿ ಇಳಿದೆ. ಅಲ್ಲಿಂದ ಝವೇರಿ ಬಜಾರಿಗೆ ನಡೆದೇ ಹೋಗಬಹುದು. ಮಗಳ ಇಂಜಿನಿಯರಿಂಗ್ ಕಾಲೇಜಿನ ಫೀಸು ಕಟ್ಟುವುದಿತ್ತು. ಮನೆಸಾಲದ ಕಂತಿನ ಮೇಲೆ ಇನ್ನೊಂದು ಸಾಲ ಬೇಡವೆಂದು, ಹಳೆಯ ಸರವನ್ನು ಮುರಿಸಿದರೆ ಎಷ್ಟು ಬಂದೀತು ಎಂದು ಕೇಳಿಕೊಂಡು ಬರಲು ಹೊರಟಿದ್ದೆ. ಅವ್ವ "ಕೇಳ್ಕೊಂಡು ಬಾ, ಆದ್ರ ಮುರಸಬ್ಯಾಡ" ಎಂದಿದ್ದಳು.

ಅಂಗಡಿಯವರು ಹಿರಿಯರು. ಕನ್ನಡಕ ಏರಿಸಿ ಒಂದೊಂದೇ ಪುತಳಿಯನ್ನು ತಿರುವಿ ನೋಡಿದರು, ಕಲ್ಲಿಗೆ ಉಜ್ಜಿದರು, ತೂಗಿದರು. ಆಮೇಲೆ ಮರಾಠಿಯಲ್ಲಿ "ಹ್ಯಾ ಪುತಳ್ಯಾ ಅಸಲೀ ನಾಹೀತ" ಎಂದರು. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು: ಬಂಗಾರ ಚೊಕ್ಕ ಇದೆ, ತೂಕವೂ ಸರಿ ಇದೆ, ಆದರೆ ಇವು ಪರದೇಶದ ಮೂಲ ನಾಣ್ಯಗಳಲ್ಲ, ಇಲ್ಲಿಯವರೇ ಯಾರೋ ಅಚ್ಚು ಮಾಡಿ ಹೊಡೆದದ್ದು.

ನಕಲು, ಆದರೆ ಬಂಗಾರ ಚೊಕ್ಕ. ಸರವನ್ನು ಮತ್ತೆ ಡಬ್ಬಿಯಲ್ಲಿಟ್ಟುಕೊಂಡು ವಾಪಸು ಬರುವಾಗ ಈ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮೋಸ ಮಾಡುವವನು ಬಂಗಾರವನ್ನು ಚೊಕ್ಕ ಇಡುವುದೇಕೆ? ಬಂಗಾರ ಚೊಕ್ಕ ಇಡುವವನಿಗೆ ಇನ್ನೊಬ್ಬರ ನಾಣ್ಯದ ಮುಖ ಏಕೆ ಬೇಕು? ಈ ಪ್ರಶ್ನೆ ಹದಿನೈದು ನೂರು ವರ್ಷಗಳಷ್ಟು ಹಳೆಯದು, ಅದರ ಒಂದು ಎಳೆ ನಮ್ಮ ಹಾನಗಲ್ ತಾಲೂಕಿನಲ್ಲೇ ಇದೆ ಎಂದು ಗೊತ್ತಾದದ್ದು ಆಮೇಲೆ ಓದುತ್ತಾ ಹೋದಾಗ. ನಾನು ಇತಿಹಾಸಕಾರನಲ್ಲ. ಐರೋಲಿಯ ಆಫೀಸಿನಲ್ಲಿ ಪ್ರಾಜೆಕ್ಟ್ ಪ್ಲ್ಯಾನು, ಡೆಡ್‌ಲೈನು ನೋಡಿಕೊಂಡಿರುವವನು. ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಊರ ಪಕ್ಕದ ನಿಧಿ

ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನ ಅಕ್ಕಿಆಲೂರು ನಮ್ಮ ಕಡೆಯವರಿಗೆಲ್ಲ ಪರಿಚಿತ ಊರು. ಚಿಕ್ಕಂದಿನಲ್ಲಿ ಆ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಅಲ್ಲಿ ರೋಮನ್ ಬಂಗಾರ ಸಿಕ್ಕಿತ್ತೆಂದು ಶಾಲೆಯಲ್ಲಿ ಯಾರೂ ಹೇಳಿದ ನೆನಪಿಲ್ಲ. ಆದರೆ ಪ್ರಪಂಚದ ನಾಣ್ಯಶಾಸ್ತ್ರಜ್ಞರಿಗೆ ಆ ಹೆಸರು ಚೆನ್ನಾಗಿ ಗೊತ್ತು. ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳ ಬಗ್ಗೆ ಯಾರೇ ಬರೆದರೂ ಅಕ್ಕಿಆಲೂರನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಅಲ್ಲಿ ಸಿಕ್ಕದ್ದು ನಲವತ್ತಕ್ಕೂ ಹೆಚ್ಚು ಬಂಗಾರದ ನಾಣ್ಯಗಳು. ಹೆಚ್ಚಿನವು ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಪೂರ್ವ ರೋಮನ್ ಚಕ್ರವರ್ತಿಗಳವು. ಎರಡನೇ ಥಿಯೊಡೋಸಿಯಸ್‌ನಿಂದ (ಆಳ್ವಿಕೆ 402ರಿಂದ 450) ಮೊದಲನೇ ಜಸ್ಟಿನ್‌ವರೆಗೆ (518ರಿಂದ 527) ಇವುಗಳ ಕಾಲ ಹರಡಿದೆ. ಆ ಕಾಲದಲ್ಲಿ ನಮ್ಮ ಕಡೆ ಆಳುತ್ತಿದ್ದವರು ಬನವಾಸಿಯ ಕದಂಬರು. ಸುಮಾರು 450ರದೆಂದು ಹೇಳುವ ಹಲ್ಮಿಡಿ ಶಾಸನವನ್ನು ಕಲ್ಲಿನಲ್ಲಿ ಕೊರೆದ ಕಾಲವೂ ಅದೇ. ಕನ್ನಡ ಕಲ್ಲಿನ ಮೇಲೆ ಮೂಡುತ್ತಿದ್ದ ದಿನಗಳಲ್ಲೇ ಥಿಯೊಡೋಸಿಯಸ್‌ನ ಮುಖವಿದ್ದ ಬಂಗಾರ ಬನವಾಸಿ ಸೀಮೆಯ ಕಡೆ ಹೊರಟಿತ್ತು.

ನನ್ನ ಗಮನ ನಿಂತದ್ದು ಇನ್ನೊಂದು ಮಾತಿನ ಮೇಲೆ. ಅಕ್ಕಿಆಲೂರಿನ ನಾಣ್ಯಗಳಲ್ಲಿ ಅಸಲಿಯ ಜೊತೆ ನಕಲುಗಳೂ ಇವೆ. ಆಂಧ್ರ, ತೆಲಂಗಾಣ, ಒಡಿಶಾ, ತಮಿಳುನಾಡಿನ ನಿಧಿಗಳಲ್ಲೂ ಹೀಗೆಯೇ. ರೋಮನ್ ಬಂಗಾರವನ್ನು ನೋಡಿ ಭಾರತದಲ್ಲೇ ಯಾರೋ ಅಚ್ಚು ಕೊರೆದು ಹೊಡೆದ ನಾಣ್ಯಗಳು ಅಸಲಿಯ ಪಕ್ಕದಲ್ಲೇ, ಒಂದೇ ಗಡಿಗೆಯಲ್ಲಿ ಹೂತಿದ್ದವು.

ಬಂಗಾರ ಬಂದ ದಾರಿ

ರೋಮಿನ ಹಣ ಭಾರತಕ್ಕೆ ಬಂದ ಕಥೆ ಮುಂಬೈಯವರಿಗೆ ದೂರದ್ದಲ್ಲ. ಕ್ರಿಸ್ತಶಕ ಮೊದಲ ಶತಮಾನದ ನಡುವಿನಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ಸಮುದ್ರಯಾನದ ಕೈಪಿಡಿಯಲ್ಲಿ 'ಸುಪ್ಪರ' ಮತ್ತು 'ಕಲ್ಲಿಯೆನ' ಎಂಬ ಬಂದರುಗಳ ಹೆಸರಿವೆ. ಸುಪ್ಪರ ಎಂದರೆ ಇವತ್ತಿನ ನಾಲಾಸೋಪಾರಾ, ಕಲ್ಲಿಯೆನ ಎಂದರೆ ಕಲ್ಯಾಣ್. ಒಂದು ವೆಸ್ಟರ್ನ್ ಲೈನಿನಲ್ಲಿ, ಇನ್ನೊಂದು ಸೆಂಟ್ರಲ್‌ನಲ್ಲಿ. ಕಲ್ಯಾಣ್ ಹಿಂದೆ ಕಾನೂನುಬದ್ಧ ವ್ಯಾಪಾರದ ಬಂದರಾಗಿತ್ತು, ಈಗ ಅಲ್ಲಿಗೆ ಬರುವ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಭರೂಚಿಗೆ ಕಳಿಸುತ್ತಾರೆ ಎಂದು ಆ ಲೇಖಕ ಬರೆಯುತ್ತಾನೆ. ಶಾತವಾಹನರಿಗೂ ಕ್ಷತ್ರಪರಿಗೂ ನಡೆದ ಜಗಳದ ಬಿಸಿ ಅದು. ರೋಮಿನ ಬಂಗಾರ, ಬೆಳ್ಳಿ ನಾಣ್ಯಗಳನ್ನು ಭರೂಚಿನಲ್ಲಿ ಸ್ಥಳೀಯ ಹಣಕ್ಕೆ ಬದಲಿಸಿದರೆ ಲಾಭವಿದೆ ಎಂಬ ಸಲಹೆಯೂ ಅಲ್ಲಿದೆ.

ಅದೇ ಶತಮಾನದಲ್ಲಿ ರೋಮಿನ ಪ್ಲಿನಿ ಗೊಣಗುತ್ತಾನೆ: ವರ್ಷಕ್ಕೆ 5 ಕೋಟಿ ಸೆಸ್ಟರ್ಸ್‌ಗೆ ಕಡಿಮೆಯಿಲ್ಲದಂತೆ ಭಾರತ ನಮ್ಮ ಹಣ ಹೀರುತ್ತಿದೆ ಎಂದು. ಆ ಹಣದ ಕುರುಹು ನಮ್ಮಲ್ಲೂ ಉಳಿದಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ಸಿಕ್ಕಿದೆ.

ಅಕ್ಕಿಆಲೂರಿನ ಬಂಗಾರ ಇದಕ್ಕಿಂತ ಸುಮಾರು ನಾನೂರು ವರ್ಷ ಈಚಿನದು. ಅಷ್ಟರಲ್ಲಿ ನಾಣ್ಯವೇ ಬದಲಾಗಿತ್ತು. ಆಗಸ್ಟಸ್‌ನ ಕಾಲದ 'ಔರಿಯಸ್' ಎಂಬ ಬಂಗಾರದ ನಾಣ್ಯ ಸುಮಾರು 7.8 ಗ್ರಾಂ ತೂಗುತ್ತಿತ್ತು. 64ರಲ್ಲಿ ನೀರೋ ಅದನ್ನು ಸುಮಾರು 7.3 ಗ್ರಾಮಿಗೆ ಇಳಿಸಿದ. ನಾಲ್ಕನೇ ಶತಮಾನದ ಆರಂಭದಲ್ಲಿ ಕಾನ್‌ಸ್ಟಾಂಟೈನ್ 'ಸಾಲಿಡಸ್' ಎಂಬ ಹೊಸ ನಾಣ್ಯ ತಂದ. ಒಂದು ರೋಮನ್ ಪೌಂಡ್ ಬಂಗಾರಕ್ಕೆ 72 ನಾಣ್ಯ, ಒಂದೊಂದು ಸುಮಾರು 4.5 ಗ್ರಾಂ. ನಮ್ಮ ಲೆಕ್ಕದಲ್ಲಿ ಅರ್ಧ ತೊಲೆಗೂ ಕಡಿಮೆ. ಚಕ್ರವರ್ತಿಗಳು ಬಂದರು, ಹೋದರು, ಆದರೆ ಈ ತೂಕ ಮತ್ತು ಚೊಕ್ಕತನ ಹನ್ನೊಂದನೇ ಶತಮಾನದವರೆಗೆ ಹೆಚ್ಚುಕಡಿಮೆ ಹಾಗೆಯೇ ಉಳಿದವು.

ಈ ನಾಣ್ಯದ ಮೇಲೆ ಜನಕ್ಕೆ ಎಷ್ಟು ನಂಬಿಕೆ ಇತ್ತೆನ್ನುವುದಕ್ಕೆ ಆರನೇ ಶತಮಾನದ ಕಾಸ್ಮಾಸ್ ಎಂಬವನು ಒಂದು ಕಥೆ ಹೇಳುತ್ತಾನೆ. ಶ್ರೀಲಂಕಾದ ರಾಜನ ಮುಂದೆ ಒಬ್ಬ ರೋಮನ್ ವ್ಯಾಪಾರಿ ಮತ್ತು ಒಬ್ಬ ಪರ್ಷಿಯಾದವನು ನಿಂತಿದ್ದಾರೆ. ನಿಮ್ಮಿಬ್ಬರ ರಾಜರಲ್ಲಿ ಯಾರು ದೊಡ್ಡವರು ಎಂದು ರಾಜ ಕೇಳುತ್ತಾನೆ. ರೋಮಿನ ಸೊಪಾಟ್ರಸ್ ವಾದಕ್ಕೆ ಇಳಿಯದೆ, ಇಬ್ಬರು ರಾಜರೂ ಇಲ್ಲೇ ಇದ್ದಾರೆ, ನೀವೇ ನೋಡಿ ಎಂದು ಎರಡೂ ದೇಶದ ನಾಣ್ಯಗಳನ್ನು ಮುಂದಿಡಿಸುತ್ತಾನೆ. ರೋಮಿನದು ಹೊಳೆಯುವ ಬಂಗಾರ, ಪರ್ಷಿಯಾದ್ದು ಬೆಳ್ಳಿ. ತೀರ್ಪು ಅಲ್ಲಿಗೇ ಮುಗಿಯುತ್ತದೆ. ಹೇಳಿದವನು ರೋಮಿನ ಕಡೆಯವನು ಎಂಬುದನ್ನು ಮರೆಯಬಾರದು. ಆದರೂ ನಾಣ್ಯವನ್ನೇ ರಾಜನ ಪ್ರತಿನಿಧಿಯಾಗಿ ನೋಡುತ್ತಿದ್ದರು ಎನ್ನುವುದು ಸ್ಪಷ್ಟ.

ಇದೇ ಕಾಸ್ಮಾಸ್ ಭಾರತದ ಬಂದರುಗಳ ಪಟ್ಟಿಯಲ್ಲಿ 'ಕಲ್ಲಿಯಾನ'ವನ್ನೂ 'ಮಂಗರೂತ್' ಅನ್ನೂ ಹೆಸರಿಸುತ್ತಾನೆ. ಕಲ್ಯಾಣ್ ಮತ್ತು ಮಂಗಳೂರು! ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಓಡಾಡುವ ನಮ್ಮ ಕರಾವಳಿಯ ಗೆಳೆಯರು ಇದನ್ನು ಕೇಳಿ ಖುಷಿಪಟ್ಟರು. ಮಂಗಳೂರಿನ ಹೆಸರಿನಲ್ಲೇ ಗುರುತಿಸುವ ಒಂದು ನಿಧಿಯಲ್ಲಿ ರೋಮನ್ ಬಂಗಾರದ ಜೊತೆ ಇಥಿಯೋಪಿಯಾದ ಅಕ್ಸುಮ್ ಅರಸರ ಬಂಗಾರವೂ ಸಿಕ್ಕಿದೆ. ಕೆಂಪು ಸಮುದ್ರದ ಆ ಕಡೆಯವರು ನಡುವೆ ನಿಂತು ವ್ಯಾಪಾರ ಮಾಡುತ್ತಿದ್ದರೆನ್ನಲು ಅದೊಂದು ಸಾಕ್ಷಿ.

ಬಂದ ನಾಣ್ಯವನ್ನು ಏನು ಮಾಡಿದರು?

ಪರದೇಶದ ನಾಣ್ಯ ಕೈಗೆ ಬಂದಾಗ ನಮ್ಮವರು ಅದನ್ನು ನಾಲ್ಕು ರೀತಿಯಲ್ಲಿ ನಡೆಸಿಕೊಂಡಿದ್ದಾರೆ.

ಒಂದು, ಕಡಿಯುವುದು. 1898ರಲ್ಲಿ ತಮಿಳುನಾಡಿನ ಪುದುಕ್ಕೋಟೈ ಸೀಮೆಯಲ್ಲಿ 501 ರೋಮನ್ ಬಂಗಾರದ ನಾಣ್ಯಗಳು ಸಿಕ್ಕವು. ಬಹುಪಾಲು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಉಳಿಯಿಂದ ಗೀರಿದ ಗುರುತಿದೆ. ಒಳಗೆ ಬೇರೆ ಲೋಹವಿದೆಯೇ ಎಂದು ನೋಡಲು ಎನ್ನುವವರಿದ್ದಾರೆ. ಇದು ಇನ್ನು ಹಣವಲ್ಲ, ಬರೀ ಬಂಗಾರ ಎಂದು ಸಾರಲು ಎನ್ನುವವರೂ ಇದ್ದಾರೆ.

ಎರಡು, ಮೇಲೆ ನಮ್ಮ ಮುದ್ರೆ ಹೊಡೆಯುವುದು. ಇದರ ದೊಡ್ಡ ಉದಾಹರಣೆ ನಾಸಿಕ್ ಬಳಿಯ ಜೋಗಲ್‌ತೆಂಭಿ. 1906ರಲ್ಲಿ ಅಲ್ಲಿ ಸಿಕ್ಕ ಸುಮಾರು 13,250 ಬೆಳ್ಳಿ ನಾಣ್ಯಗಳು ಕ್ಷತ್ರಪ ನಹಪಾನನವು. ಅವುಗಳಲ್ಲಿ 9,000ಕ್ಕೂ ಹೆಚ್ಚು ನಾಣ್ಯಗಳ ಮೇಲೆ ಅವನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಒತ್ತಿಸಿದ್ದ. ಸೋತವನ ಮುಖದ ಮೇಲೆ ಗೆದ್ದವನ ಸಹಿ.

ಮೂರು, ತೂತು ಕೊರೆದು ಕೊರಳಿಗೆ ಹಾಕಿಕೊಳ್ಳುವುದು. ದಕ್ಷಿಣ ಭಾರತದಲ್ಲಿ ಸಿಕ್ಕ ಸಾಲಿಡಸ್‌ಗಳಲ್ಲಿ ಇದು ಬಹಳ. ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಪಕ್ಕಪಕ್ಕ ಎರಡು ತೂತು. ಒಂದೇ ತೂತು ಮಾಡಿದರೆ ನಾಣ್ಯ ತಿರುಗುತ್ತದೆ. ಎರಡು ಮಾಡಿ ದಾರ ಪೋಣಿಸಿದರೆ ಮುಖ ನೆಟ್ಟಗೆ, ಎದುರಿಗೇ ನಿಲ್ಲುತ್ತದೆ. ಬರೀ ಬಂಗಾರವಾಗಿದ್ದರೆ ಇಷ್ಟು ಕಾಳಜಿ ಬೇಕಿರಲಿಲ್ಲ. ಆ ಮುಖ ಯಾರದೆಂದು ತಿಳಿಯದಿದ್ದರೂ ಅದು ಸರಿಯಾಗಿ ಕಾಣಬೇಕಿತ್ತು.

ನಾಲ್ಕು, ನಕಲು ಮಾಡುವುದು. ಬಂಗಾರ ಕೊಳ್ಳಲಾಗದವರಿಗೆ ಮಣ್ಣಿನ ನಕಲು. ರೋಮನ್ ನಾಣ್ಯದ ಅಚ್ಚೊತ್ತಿ, ಮೇಲೆ ಕೊಂಡಿ ಇಟ್ಟು ಸುಟ್ಟ ಪದಕಗಳು ಮಹಾರಾಷ್ಟ್ರದ ತೇರ್, ತೆಲಂಗಾಣದ ಕೊಂಡಾಪುರದಂಥ ಕಡೆ ಸಿಕ್ಕಿವೆ. ಅವು ನಮ್ಮ ಇಂದಿನ 'ಒನ್ ಗ್ರಾಂ ಗೋಲ್ಡ್' ಇದ್ದಂತೆ. ಉಳ್ಳವರಿಗೆ ಬಂಗಾರದ್ದೇ ನಕಲು, ಅಕ್ಕಿಆಲೂರಿನಲ್ಲಿ ಸಿಕ್ಕಂಥದ್ದು.

ನಕಲನ್ನು ಹೇಗೆ ಗುರುತಿಸುತ್ತಾರೆ?

ಮೊದಲು ಅಕ್ಷರ. ಐದನೇ ಶತಮಾನದ ಸಾಲಿಡಸ್‌ನ ಒಂದು ಮಗ್ಗುಲಲ್ಲಿ ಶಿರಸ್ತ್ರಾಣ ತೊಟ್ಟ ಚಕ್ರವರ್ತಿ, ಹೆಗಲ ಮೇಲೆ ಭರ್ಜಿ, ಕೈಯಲ್ಲಿ ಗುರಾಣಿ, ಸುತ್ತಲೂ ಲ್ಯಾಟಿನ್‌ನಲ್ಲಿ ಹೆಸರು. ಇನ್ನೊಂದು ಮಗ್ಗುಲಲ್ಲಿ ಸಾಮಾನ್ಯವಾಗಿ ಶಿಲುಬೆ ಹಿಡಿದ ವಿಜಯದೇವತೆ, ಕೆಳಗೆ 'ಕೋನೋಬ್' ಎಂಬ ಗುರುತು: ಕಾನ್‌ಸ್ಟಾಂಟಿನೋಪಲ್‌ನ ಚೊಕ್ಕ ಬಂಗಾರ ಎಂದು ಅರ್ಥ. ನಕಲಿನಲ್ಲಿ ಚಿತ್ರ ಹೆಚ್ಚುಕಡಿಮೆ ಇರುತ್ತದೆ, ಆದರೆ ಬರಹ ಕರಗಿಹೋಗಿರುತ್ತದೆ. ಅಕ್ಷರಗಳು ತಿರುಗುಮುರುಗಾಗಿ, ಗೆರೆ, ಬಿಂದು, ಅರ್ಧಚಂದ್ರಗಳ ಸಾಲಾಗಿರುತ್ತವೆ.

ಇದು ನನಗೆ ಅರ್ಥವಾದದ್ದು ಮಗಳಿಂದ. ಅವಳು ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಒಮ್ಮೆ ಅಜ್ಜಿಯ ಹುಟ್ಟುಹಬ್ಬಕ್ಕೆ ಫೋನಿನಲ್ಲಿ ನೋಡಿಕೊಂಡು ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆದಳು. ಬರೆದಳು ಎನ್ನುವುದಕ್ಕಿಂತ ಬಿಡಿಸಿದಳು ಎನ್ನಬೇಕು. ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ, ಕೊಂಬು ಮುಂದಿನ ಅಕ್ಷರಕ್ಕೆ ಅಂಟಿತ್ತು. ಪ್ರತಿ ಗೆರೆಯನ್ನೂ ಶ್ರದ್ಧೆಯಿಂದ ಹಾಕಿದ್ದಳು, ಆದರೆ ಅಕ್ಷರ ಎಲ್ಲಿ ಮುಗಿಯುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಅಚ್ಚು ಕೊರೆದ ನಮ್ಮ ಅಕ್ಕಸಾಲಿಗನೂ ಹೀಗೆಯೇ. ಲ್ಯಾಟಿನ್ ಅವನಿಗೆ ಅಲಂಕಾರದ ಒಂದು ಸಾಲು, ಅಷ್ಟೇ.

ಎರಡನೆಯದು ಜೋಡಿ. ಒಬ್ಬ ಚಕ್ರವರ್ತಿಯ ಮುಖಕ್ಕೆ ಇನ್ನೊಬ್ಬನ ಕಾಲದ ಹಿಂಬದಿ ಸೇರಿದ್ದರೆ ಅದು ರೋಮಿನ ಟಂಕಸಾಲೆಯ ಕೆಲಸವಲ್ಲ. ಕೈಗೆ ಸಿಕ್ಕ ಎರಡು ನಾಣ್ಯಗಳನ್ನು ಮುಂದಿಟ್ಟುಕೊಂಡು ಒಂದರಿಂದ ಮುಂಭಾಗ, ಒಂದರಿಂದ ಹಿಂಭಾಗ ತೆಗೆದವನ ಕೆಲಸ.

ಮೂರನೆಯದು ಅಚ್ಚಿನ ಗುರುತು. ಕೈಯಿಂದ ಕೊರೆದ ಅಚ್ಚು ಒಂದರಂತೆ ಇನ್ನೊಂದು ಇರುವುದಿಲ್ಲ. ಹೊಡೆಯುತ್ತಾ ಹೋದಂತೆ ಅದರಲ್ಲಿ ಬಿರುಕು ಬೀಳುತ್ತದೆ, ಚೂರು ಹಾರುತ್ತದೆ. ಎರಡು ನಾಣ್ಯಗಳಲ್ಲಿ ಒಂದೇ ಬಿರುಕು ಒಂದೇ ಜಾಗದಲ್ಲಿ ಕಂಡರೆ ಅವು ಒಂದೇ ಅಚ್ಚಿನಿಂದ ಹುಟ್ಟಿದವು. ನಾಣ್ಯಶಾಸ್ತ್ರದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಕಡಿಮೆ.

ಇಷ್ಟೆಲ್ಲ ತಪ್ಪುಗಳಿದ್ದೂ ಇಲ್ಲಿಯ ಬಂಗಾರದ ನಕಲುಗಳಲ್ಲಿ ಅನೇಕವು ತೂಕದಲ್ಲಿ, ಬಂಗಾರದಲ್ಲಿ ಅಸಲಿಗೆ ಹತ್ತಿರ. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಕೋಡ್ ಸರಿಯಾಗಿ ಓಡುತ್ತಿದೆ, ಕಾಮೆಂಟುಗಳು ಮಾತ್ರ ಕಲಸುಮೇಲೋಗರ. ಮೋಸಗಾರ ಮಾಡುವುದು ಇದರ ಉಲ್ಟಾ: ಮೇಲೆ ಎಲ್ಲವೂ ಸರಿ, ಒಳಗೆ ತಾಮ್ರ. ಹಾಗಾದರೆ ಇವನ್ನು ಏಕೆ ಮಾಡಿದರು? ಒಡವೆಗೆ ಎನ್ನುವುದು ಒಂದು ವಾದ, ವ್ಯಾಪಾರದ ಹಣವಾಗಿ ಎನ್ನುವುದು ಇನ್ನೊಂದು, ದಾನ-ದೇವಕಾರ್ಯಕ್ಕೆ ಎನ್ನುವುದು ಮತ್ತೊಂದು. ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೂರೂ ಒಟ್ಟಿಗೆ ನಿಜವಿರಬಹುದು ಎಂದು ನನಗನ್ನಿಸುತ್ತದೆ. ನಮ್ಮ ಮನೆಯ ಸರವೂ ಒಡವೆ, ಕಷ್ಟಕಾಲದ ಹಣ, ಲಕ್ಷ್ಮೀಪೂಜೆಯ ದೇವರು, ಮೂರೂ ಆಗಿತ್ತಲ್ಲ!

ಅದೇ ಹೊತ್ತಿಗೆ ಯುರೋಪಿನಲ್ಲಿ

ಇದೇ ಐದು, ಆರನೇ ಶತಮಾನಗಳಲ್ಲಿ ಪಶ್ಚಿಮ ಯುರೋಪಿನಲ್ಲಿ ರೋಮಿನ ಆಳ್ವಿಕೆ ಕುಸಿದು, ಗಾಥ್, ಬರ್ಗಂಡಿ, ಫ್ರ್ಯಾಂಕ್ ಮುಂತಾದ ಜರ್ಮನಿಕ್ ಬುಡಕಟ್ಟುಗಳು ರಾಜ್ಯ ಕಟ್ಟುತ್ತಿದ್ದವು. ಅವರೂ ರೋಮಿನ ಬಂಗಾರವನ್ನೇ ನಕಲು ಮಾಡಿದರು. 476ರಲ್ಲಿ ಪಶ್ಚಿಮದ ಕೊನೆಯ ಚಕ್ರವರ್ತಿಯನ್ನು ಇಳಿಸಿದ ಒಡೊಏಸರ್ ತಾನೇ ದೊರೆಯಾದರೂ ನಾಣ್ಯಗಳನ್ನು ಹೊಡೆಸಿದ್ದು ಕಾನ್‌ಸ್ಟಾಂಟಿನೋಪಲ್‌ನ ಜೀನೋನ ಹೆಸರಿನಲ್ಲಿ. ಅವನ ನಂತರ ಇಟಲಿಯನ್ನು ಆಳಿದ ಥಿಯೊಡೊರಿಕ್ ಚಕ್ರವರ್ತಿ ಅನಸ್ತಾಸಿಯಸ್‌ನ ಮುಖವನ್ನೇ ಇಟ್ಟು, ಕೆಲವು ನಾಣ್ಯಗಳ ಮೂಲೆಯಲ್ಲಿ ತನ್ನ ಹೆಸರಿನ ಚಿಕ್ಕ ಗುರುತು ಸೇರಿಸಿದ.

ಈ ಮರ್ಯಾದೆಯನ್ನು ಮುರಿದವನು ಫ್ರ್ಯಾಂಕರ ರಾಜ ಥಿಯುಡೆಬರ್ಟ್. ಆಳಿದ್ದು 534ರಿಂದ 548ರ ಸುಮಾರಿಗೆ. ಬಂಗಾರದ ಮೇಲೆ ತನ್ನ ಹೆಸರನ್ನೇ ಹಾಕಿಸಿಕೊಂಡ. ಕಾನ್‌ಸ್ಟಾಂಟಿನೋಪಲ್‌ನ ಇತಿಹಾಸಕಾರ ಪ್ರೊಕೋಪಿಯಸ್ ಇದನ್ನು ಸಿಟ್ಟಿನಿಂದಲೇ ದಾಖಲಿಸುತ್ತಾನೆ: ಪರ್ಷಿಯಾದ ಶಹನಂಥವನೂ ಬೆಳ್ಳಿಯ ಮೇಲೆ ಏನಾದರೂ ಮಾಡಿಕೊಳ್ಳಲಿ, ಬಂಗಾರದ ಮೇಲೆ ತನ್ನ ಮುಖ ಹಾಕಿಸುವಂತಿಲ್ಲ, ಇವನಿಗೆಂಥ ಧೈರ್ಯ ಎನ್ನುವ ಧಾಟಿಯಲ್ಲಿ.

ಇನ್ನೂ ಉತ್ತರಕ್ಕೆ, ರೋಮ್ ಎಂದೂ ಆಳದ ಸ್ಕ್ಯಾಂಡಿನೇವಿಯಾದಲ್ಲಿ, ರೋಮನ್ ಪದಕಗಳನ್ನು ನೋಡಿ ತೆಳ್ಳನೆಯ ಬಂಗಾರದ ತಗಡಿನಲ್ಲಿ ಒಂದೇ ಮಗ್ಗುಲಿಗೆ ಅಚ್ಚೊತ್ತಿ, ಕೊಂಡಿ ಹಚ್ಚಿ ಕೊರಳಿಗೆ ಹಾಕಿಕೊಂಡರು. ನಕಲಿನಿಂದ ನಕಲು ಮಾಡುತ್ತಾ ಚಕ್ರವರ್ತಿಯ ತಲೆ ದೊಡ್ಡದಾಯಿತು, ಕೆಳಗೆ ಕುದುರೆಯಂಥ ಪ್ರಾಣಿ ಸೇರಿತು, ಲ್ಯಾಟಿನ್ ಹೋಗಿ ಅವರದೇ ರೂನ್ ಲಿಪಿ ಬಂತು. 2020ರ ಕೊನೆಯಲ್ಲಿ ಡೆನ್ಮಾರ್ಕಿನ ವಿಂಡೆಲೆವ್‌ನಲ್ಲಿ ಇಂಥ ಪದಕಗಳ ನಿಧಿ ಸಿಕ್ಕಿತು. ಅದರಲ್ಲೊಂದರ ಮೇಲಿನ ಬರಹದಲ್ಲಿ ಓಡಿನ್ ದೇವರ ಹೆಸರಿದೆ ಎಂದು 2023ರಲ್ಲಿ ವಿದ್ವಾಂಸರು ಓದಿದರು. ಈವರೆಗೆ ಸಿಕ್ಕವುಗಳಲ್ಲಿ ಆ ದೇವರ ಹೆಸರಿನ ಅತ್ಯಂತ ಹಳೆಯ ಬರಹ ಅದೇ. ರೋಮಿನ ನಕಲಾಗಿ ಶುರುವಾದದ್ದು ಕೊನೆಗೆ ಅವರ ಸ್ವಂತ ದೇವರ ಹೆಸರನ್ನು ಕಾಪಾಡಿತು.

ಮುಂಬೈ ಟಂಕಸಾಲೆಯ ನಕಲು

ಇದೆಲ್ಲ ಬುಡಕಟ್ಟುಗಳ ಕಾಲದ ಮಾತು ಎಂದುಕೊಳ್ಳಬೇಡಿ. ನಮ್ಮ ಫೋರ್ಟಿನಲ್ಲೇ ಇದು ಇನ್ನೊಮ್ಮೆ ನಡೆಯಿತು, ಈ ಸಲ ಪಾತ್ರ ವಹಿಸಿದವರು ಇಂಗ್ಲಿಷರು.

ಹದಿನೇಳನೇ ಶತಮಾನದ ಕೊನೆಗೆ ಮುಂಬೈಯ ಈಸ್ಟ್ ಇಂಡಿಯಾ ಕಂಪನಿ ತನ್ನ ರಾಜರ ಹೆಸರಿನಲ್ಲಿ ನಾಣ್ಯ ಹೊಡೆಸಿ ನೋಡಿತು. ಮೊಗಲ್ ನಾಡಿನಲ್ಲಿ ಅವು ಸಲೀಸಾಗಿ ನಡೆಯಲಿಲ್ಲ. ಪರ್ಷಿಯನ್ ಲಿಪಿಯಲ್ಲೇ ಇಂಗ್ಲೆಂಡಿನ ರಾಜರ ಹೆಸರು ಹಾಕಿದ ರೂಪಾಯಿಗಳನ್ನು ಕಂಡು ಮೊಗಲ್ ಇತಿಹಾಸಕಾರ ಖಾಫಿ ಖಾನ್ ಕೆಂಡವಾಗುತ್ತಾನೆ. ಪ್ರೊಕೋಪಿಯಸ್‌ನ ಸಿಟ್ಟೇ ಮತ್ತೆ ಬಂದಂತಿದೆ. ಕೊನೆಗೆ 1717ರಲ್ಲಿ ಬಾದಶಹ ಫರ್ರುಖ್‌ಸಿಯರ್‌ನ ಫರ್ಮಾನು ಸಿಕ್ಕಮೇಲೆ ಕಂಪನಿ ಮುಂಬೈಯಲ್ಲಿ ಮೊಗಲ್ ಬಾದಶಹರ ಹೆಸರಿನಲ್ಲಿ ರೂಪಾಯಿ ಹೊಡೆಯತೊಡಗಿತು. ಕ್ರಮೇಣ ದೇಶವೇ ಕಂಪನಿಯ ಕೈಗೆ ಬಂತು, ಬಾದಶಹ ಅದರ ಪಿಂಚಣಿದಾರನಾದ. ಆದರೂ ನಾಣ್ಯದ ಮೇಲೆ ಅವನ ಹೆಸರೇ. ಎರಡನೇ ಶಾ ಆಲಂ 1806ರಲ್ಲಿ ತೀರಿಕೊಂಡ ಮೇಲೂ ಅವನ ಹೆಸರಿನ ರೂಪಾಯಿಗಳು ಬರುತ್ತಲೇ ಇದ್ದವು. 1835ರಲ್ಲಿ ಇಡೀ ದೇಶಕ್ಕೆ ಒಂದೇ ನಾಣ್ಯದ ಕಾನೂನು ಬಂದು ನಾಲ್ಕನೇ ವಿಲಿಯಮ್‌ನ ಮುಖ ಬರುವವರೆಗೆ ಇದು ನಿಲ್ಲಲಿಲ್ಲ.

ಕರ್ನಾಟಕದಲ್ಲೂ ಇದಕ್ಕೆ ಸರಿಜೋಡಿ ಇದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಇಕ್ಕೇರಿ ವರಹದ ಶಿವಪಾರ್ವತಿಯರನ್ನು ತನ್ನ ಹೊನ್ನಿನ ಮೇಲೆ ಹಾಗೆಯೇ ಉಳಿಸಿಕೊಂಡ. ಹಿಂಭಾಗದಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನಷ್ಟೇ ಇಟ್ಟ. ಥಿಯೊಡೊರಿಕ್‌ನ ಚಿಕ್ಕ ಗುರುತು ನೆನಪಾಗುತ್ತದಲ್ಲವೇ? ಸಂತೆಯಲ್ಲಿ ರಾಗಿ ಮಾರುವವನಿಗೆ ಬೇಕಾದದ್ದು ಗುರುತಿನ ಮುಖ. ಆಳುವವರು ಬದಲಾದಷ್ಟು ಬೇಗ ಅವನ ನಂಬಿಕೆ ಬದಲಾಗುವುದಿಲ್ಲ. ಬುದ್ಧಿವಂತ ದೊರೆಗೆ ಅದು ಗೊತ್ತಿರುತ್ತದೆ.

ಹಾಗಾಗಿ 'ನಕಲು' ಎಂಬ ಒಂದೇ ಪದದಲ್ಲಿ ಇವೆಲ್ಲವನ್ನೂ ತುಂಬುವುದು ಸರಿಯಲ್ಲ. ಅಕ್ಕಿಆಲೂರಿನ ನಕಲಿನ ಹಿಂದೆ ಮೋಸಕ್ಕಿಂತ ಹೆಚ್ಚಾಗಿ ನನಗೆ ಕಾಣುವುದು ನಂಬಿಕೆ: ಈ ಆಕಾರದಲ್ಲಿದ್ದರೆ ಬಂಗಾರಕ್ಕೆ ಬೆಲೆ, ಗೌರವ ಎಂಬ ನಂಬಿಕೆ.

ಮತ್ತೆ ಸರದ ಕಡೆಗೆ

ಪುತಳಿ ಎಂದರೆ ಗೊಂಬೆ. ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಈ ಸರಕ್ಕೆ ಆ ಹೆಸರು ಬಂದದ್ದು ವೆನಿಸ್ ನಗರದ ಡುಕಾಟ್ ನಾಣ್ಯದಿಂದ. 1284ರಿಂದ 1797ರವರೆಗೆ ಐನೂರು ವರ್ಷ ವೆನಿಸ್ ಆ ನಾಣ್ಯವನ್ನು ಸುಮಾರು ಮೂರೂವರೆ ಗ್ರಾಂ ಚೊಕ್ಕ ಬಂಗಾರದಲ್ಲಿ, ಹೆಚ್ಚುಕಡಿಮೆ ಒಂದೇ ಚಿತ್ರದಲ್ಲಿ ಹೊಡೆಯಿತು. ಒಂದು ಕಡೆ ಸಂತ ಮಾರ್ಕ್‌ನಿಂದ ಧ್ವಜ ಪಡೆಯುತ್ತಾ ಮಂಡಿಯೂರಿದ ವೆನಿಸ್‌ನ ದೊರೆ, ಇನ್ನೊಂದು ಕಡೆ ಚುಕ್ಕಿಗಳ ನಡುವೆ ಏಸು. ತಮಿಳು ನಾಡಿನಲ್ಲಿ ಆ ಧ್ವಜದ ಕಂಬ ತಾಳೆ ಮರದಂತೆ ಕಂಡು, ಸೇಂದಿ ಇಳಿಸುವವರ ಹೆಸರಿನಲ್ಲಿ 'ಶಾನಾರ್ ಕಾಸು' ಎಂದು ಕರೆದರು. ಭಾರತದಲ್ಲಿ ಡುಕಾಟ್‌ನ ನಕಲುಗಳು ಹೇರಳವಾಗಿ ಹುಟ್ಟಿದವು. ಅವುಗಳಲ್ಲೂ ಲ್ಯಾಟಿನ್ ಅಕ್ಷರ ಕರಗಿ ಗೆರೆಗಳಾಗಿವೆ. ಅವ್ವನ ಸರದ ಪುತಳಿಗಳು ಆ ವಂಶದವು.

ಇನ್ನು ಸರದ ತೀರ್ಮಾನ. ಅಕ್ಕನಿಗೂ ತಂಗಿಗೂ ಫೋನ್ ಮಾಡಿದೆ. ಅವರ ಪಾಲೂ ಅದರಲ್ಲಿದೆ. ಅಕ್ಕ ಸಿಡುಕಿನಲ್ಲೇ "ನಕಲಿ ಅಂದ್ಮ್ಯಾಲೆ ಇಟ್ಕೊಂಡು ಏನ್ ಮಾಡೂದು, ಮುರಸಿಬಿಡು" ಎಂದಳು. ಅಕ್ಕಿಆಲೂರಿನ ಕಥೆ ಹೇಳಿದೆ. ಹೊಲದಲ್ಲಿ, ಪಾಯ ತೋಡುವಾಗ ಬಂಗಾರ ಸಿಕ್ಕರೆ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಆದರೆ ಭಯಕ್ಕೋ ಆಸೆಗೋ ಸಿಕ್ಕ ನಿಧಿ ರಾತ್ರಿಯೇ ಅಗ್ಗಿಷ್ಟಿಕೆಗೆ ಹೋಗುವುದುಂಟು. ಒಮ್ಮೆ ಕರಗಿದರೆ ಥಿಯೊಡೋಸಿಯಸ್ಸೂ ಒಂದೇ, ಅವನ ನಕಲೂ ಒಂದೇ. ಅಕ್ಕಿಆಲೂರಿನವು ಕರಗದೆ ಉಳಿದದ್ದರಿಂದ ನಾವು ಇಷ್ಟು ಮಾತಾಡುತ್ತಿದ್ದೇವೆ ಎಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾರ ಫೀಸು?" ಎಂದಳು. ಅದು ನ್ಯಾಯವಾದ ಪ್ರಶ್ನೆ.

ಕೊನೆಗೆ ಸರವನ್ನು ಅಡ ಇಟ್ಟು ಸಾಲ ತೆಗೆದೆವು. ಅಲ್ಲಿಯ ಹುಡುಗ ಪುತಳಿಗಳ ಮುಖ ನೋಡಲೇ ಇಲ್ಲ. ತೂಕ, ಚೊಕ್ಕತನ, ಎಣಿಕೆ ಬರೆದುಕೊಂಡು ಲಕೋಟೆಗೆ ಮೊಹರು ಹಾಕಿದ. ಮುಂದಿನ ವರ್ಷ ಬಿಡಿಸಿಕೊಳ್ಳಬೇಕು.

ಕೊಡುವ ಹಿಂದಿನ ರಾತ್ರಿ ನಾನೂ ಮಗಳೂ ಊಟದ ಟೇಬಲ್ ಮೇಲೆ ಬಿಳಿ ಹಾಳೆ ಹಾಸಿ ಹದಿನೇಳು ಪುತಳಿಗಳ ಎರಡೂ ಮಗ್ಗುಲು ಫೋಟೋ ತೆಗೆದೆವು. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಒಂದರ ಪಕ್ಕ ಒಂದಿಟ್ಟು ನೋಡಿದಾಗ ಮಗಳು ಬೆರಳಿಟ್ಟು ತೋರಿಸಿದಳು. ಐದನೆಯದರಲ್ಲೂ ಹನ್ನೆರಡನೆಯದರಲ್ಲೂ ಧ್ವಜದ ಕಂಬದಿಂದ ಅಂಚಿನವರೆಗೆ ಕೂದಲೆಳೆಯಂಥ ಒಂದೇ ಗೆರೆ, ಒಂದೇ ಓರೆಯಲ್ಲಿ. ಅಚ್ಚಿನ ಬಿರುಕು. ಹೆಸರು ಗೊತ್ತಿಲ್ಲದ ಒಬ್ಬ ಅಕ್ಕಸಾಲಿಗ ಬಿರುಕು ಬಿಟ್ಟ ಅಚ್ಚನ್ನು ಎಸೆಯಲು ಮನಸ್ಸಾಗದೆ ಕಡೇಪಕ್ಷ ಎರಡು ಸಲ ಹೊಡೆದಿದ್ದ.

ಅವ್ವನನ್ನು ಕರೆದು ತೋರಿಸಿದೆವು. ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಾಗಿ ನೋಡಿದಳು.

"ಇವು ಎರಡೂ ಒಂದೇ ಅಚ್ಚಿನಾಗ ಹುಟ್ಟಿದ್ದು, ಅವ್ವ" ಎಂದೆ.

"ಅಕ್ಕ-ತಂಗಿ ಅನ್ನು" ಎಂದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಅವೆರಡನ್ನ ಬಾಜೂಕ ಪೋಣಸೂಣು, ಸರ ಮನೀಗೆ ಬಂದ ಮ್ಯಾಲೆ" ಎಂದಳು.